ಬಿಡುವಿನ ವೇಳೆಯ ದೋಟಿ ಕೆಲಸ: ಗಿರಾಕಿ ಸಿಗುವುದು ಹೇಗೆ?



ಕೊನೆಗಾರರ ಅಭಾವದಿಂದ ಫೈಬರ್ ದೋಟಿ ಕೊಂಡ ಸಣ್ಣ ಬೆಳೆಗಾರರು ಬಿಡುವಿನಲ್ಲಿ ನೆರೆಯವರ ಅಡಿಕೆಗೂ ಮದ್ದು ಹೊಡೆದು ನಾಲ್ಕು ಕಾಸು ಸಂಪಾದಿಸಬಹುದು. ಮೊದಲು ಪಕ್ಕದ ಎರಡು ತೋಟಗಳನ್ನು ಅಚ್ಚುಕಟ್ಟಾಗಿ ಮುಗಿಸಿರಿ. ಮುಂದಿನ ಗಿರಾಕಿಗಳನ್ನು ಆ ಮನೆಯವರೇ ಕಳಿಸುತ್ತಾರೆ. ಏಪ್ರಿಲ್‌ನಲ್ಲೇ ವಿಚಾರಿಸಿ, ದರವನ್ನೂ ದಿನವನ್ನೂ ಗೊತ್ತುಮಾಡಿಕೊಳ್ಳಿರಿ. ಬೋರ್ಡೊ ದ್ರಾವಣವನ್ನು ತೋಟದವರ ಎದುರೇ ತಯಾರಿಸಿರಿ: 100 ಲೀಟರ್ ನೀರಿಗೆ ಮೈಲುತುತ್ತು 1 ಕಿಲೋ, ಸುಣ್ಣ 1 ಕಿಲೋ. ಕಣ್ಣಾರೆ ಕಂಡವರಿಗೆ ನಂಬಿಕೆ ಬರುತ್ತದೆ.

ಮೊದಲ ಸಿಂಪಡಣೆ ಮುಂಗಾರಿಗೆ ಮುನ್ನ. ಎರಡನೆಯದು 40-45 ದಿನಗಳ ಬಳಿಕ, ಮಳೆಯ ನಡುವೆ. ಆ ಎರಡನೆಯ ಸರದಿಯಲ್ಲಿ ಮುಗಿಸಬಲ್ಲಷ್ಟು ತೋಟಗಳನ್ನು ಮಾತ್ರ ಒಪ್ಪಿಕೊಳ್ಳಿರಿ. ನಾವೂ ಒಮ್ಮೆ ಆಸೆಗೆ ಬಿದ್ದು ಹೆಚ್ಚು ಒಪ್ಪಿಕೊಂಡೆವು. ಮಳೆ ಬಿಡಲಿಲ್ಲ, ಒಬ್ಬರ ಫಸಲು ಕೊಳೆರೋಗಕ್ಕೆ ಉದುರಿತು. ಆ ಮನೆಯವರು ನಮ್ಮನ್ನು ಮತ್ತೆ ಕರೆಯಲಿಲ್ಲ.