ಅಡ್ಡಹೆಸರು ಕಾಜಿ, ಕೆಲಸ ಮಾಸ್ತರಿಕೆ

ಅಕ್ಕಲಕೋಟ: ಮದುವೆಯೊಂದರ ಸುದ್ದಿಯಲ್ಲಿ 'ಮುಲ್ಲಾ ಅವರು ನಿಕಾಹ ಓದಿಸಿದರು' ಎಂದು ನಾನೇ ಒಮ್ಮೆ ಬರೆದು ಕಳಿಸಿದ್ದೆ. ಮರುದಿನ ಚಹಾದಂಗಡಿಯಲ್ಲಿ ಹಿರಿಯರೊಬ್ಬರು ಪೇಪರ್ ಹಿಡಿದೇ ಕೂತಿದ್ದರು. "ತಮ್ಮಾ, ಮುಲ್ಲಾ ಅನ್ನೋದು ಹುಡುಗಿ ಅಪ್ಪನ ಅಡ್ಡಹೆಸರು. ಓದಿಸಿದವ್ರು ಕಾಜಿ. ಅಪ್ಪನ ಮಗಳ ನಿಕಾಹ ಓದಿಸಿದಂಗ ಆತಲ್ಲೊ!" ಎಂದರು. ಅಂಗಡಿ ತುಂಬ ನಗೆ.

ತಪ್ಪು ನನ್ನದೇ. ಆದರೆ ಸೊಲ್ಲಾಪುರ, ಅಕ್ಕಲಕೋಟ, ಜತ್ತ ಕಡೆ ಇದು ಆಗುವಂಥದ್ದೇ. ಕಾಜಿ, ಮುಲ್ಲಾ, ಖತೀಬ, ಮುಜಾವರ ಇವೆಲ್ಲ ಮೊದಲು ಹುದ್ದೆ, ಗೌರವದ ಹೆಸರು. ಹುದ್ದೆಗೆ ಇನಾಮು ಜಮೀನು ಇರುತ್ತಿತ್ತು. ಕೆಲಸ ಅಪ್ಪನಿಂದ ಮಗನಿಗೆ ಬಂತು, ಹೆಸರೂ ಬಂತು. ಈಗ ಉಳಿದದ್ದು ರೇಶನ್ ಕಾರ್ಡಿನ ಮೇಲೆ.

ಕಾಜಿ ಎಂದರೆ ನ್ಯಾಯಾಧೀಶ. ಸುಲ್ತಾನರ ಕಾಲದಲ್ಲಿ ಅವರ ಮಾತೇ ತೀರ್ಪು. ಮುಲ್ಲಾ ಅರಬ್ಬಿಯ 'ಮೌಲಾ', ಅಂದರೆ ಒಡೆಯ. ಅದೇ ಮಾತು ಮರಾಠಿ ಹಳ್ಳಿಗೆ ಬಂದು 'ಮುಲಾಣಿ' ಆಯಿತು. ಕುರಿ ಹಲಾಲ್ ಮಾಡುವ ಮುಲಾಣಿ ಕೆಲವು ಕಡೆ ಬಲುತೇದಾರರ ಸಾಲಿಗೂ ಸೇರಿದ. ಶುಕ್ರವಾರದ ನಮಾಜಿಗೆ ಮುಂಚೆ ಖುತ್ಬಾ ಓದುವವ ಖತೀಬ. ಖುತ್ಬಾದಲ್ಲಿ ಯಾರ ಹೆಸರು ಬರುತ್ತಿತ್ತೋ ಅವನೇ ಆ ನಾಡಿನ ದೊರೆ ಎಂದು ಲೆಕ್ಕ. ಹೀಗಾಗಿ ಖತೀಬನ ಕೆಲಸದಲ್ಲಿ ರಾಜಕಾರಣವೂ ಇತ್ತು.

ಕೆಲವರ ಬಿರುದು ಹೆಸರನ್ನೇ ನುಂಗಿದೆ. 1422ರಲ್ಲಿ ತೀರಿಕೊಂಡ ಕಲಬುರಗಿಯ ಸಯ್ಯದ್ ಮಹಮ್ಮದ್ ಹುಸೇನಿ ಎಂದರೆ ಯಾರೆಂದು ಕೇಳುತ್ತಾರೆ, ಬಂದೇ ನವಾಜ ಎಂದರೆ ಕೈ ಮುಗಿಯುತ್ತಾರೆ. ವಿಜಾಪುರದ ಎರಡನೇ ಇಬ್ರಾಹಿಂ ಆದಿಲಶಹಾನಿಗೆ 'ಜಗದ್ಗುರು' ಎಂಬ ಬಿರುದೇ ಇತ್ತು. ಇನ್ನು ಖಲೀಫಾ, ಅಂದರೆ ಉತ್ತರಾಧಿಕಾರಿ. ಪ್ರವಾದಿಯವರ ನಂತರ ಸಮುದಾಯ ನಡೆಸಿದವರ ಈ ಪದವಿಯನ್ನು ತುರ್ಕಿಯ ಸಂಸತ್ತು 1924ರ ಮಾರ್ಚ್ 3ರಂದು ರದ್ದು ಮಾಡಿತು. ಆದರೆ ಸೂಫಿ ಪೀರರು ಶಿಷ್ಯನಿಗೆ ಕೊಡುವ ಖಲೀಫಾ ಪದವಿ ಇನ್ನೂ ನಡೆದಿದೆ.

ನಗುವ ಮಾತು ಅಂತ ಬಿಡುವ ಹಾಗೂ ಇಲ್ಲ. ಗಂಡ ಬಿಟ್ಟ ಹೆಣ್ಣುಮಗಳಿಗೆ 'ಕಾಜಿ ಸಾಹೇಬ್ರು ಹೇಳ್ಯಾರ, ಮುಗೀತು' ಎಂದು ಮನೆಯವರು ಹೇಳುವುದುಂಟು. ಮುಗಿದಿರುವುದಿಲ್ಲ. 1880ರ ಕಾಜಿಗಳ ಕಾಯ್ದೆ ಕಾಜಿಗೆ ನ್ಯಾಯಾಧಿಕಾರ ಕೊಟ್ಟೇ ಇಲ್ಲ. ನಿಕಾಹಕ್ಕೆ ಕಾಜಿ ಇರಲೇಬೇಕೆಂದೂ ಹೇಳಿಲ್ಲ. ಮುಫ್ತಿಯ ಫತ್ವಾ ಪಾಲಿಸಲೇಬೇಕೆಂಬ ಕಾನೂನಿಲ್ಲ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ. ಹಿರಿಯರ ಸಲಹೆ ಕೇಳಬಹುದು, ಜೀವನಾಂಶದ ಹುಕುಂ ಮಾತ್ರ ಕೋರ್ಟಿನದು.

ಅಂದಹಾಗೆ, ನನ್ನ ತಪ್ಪು ಹಿಡಿದ ಆ ಚಾಚಾರ ಅಡ್ಡಹೆಸರೂ ಕಾಜಿ. ಜೀವಮಾನದಲ್ಲಿ ಒಂದೂ ನಿಕಾಹ ಓದಿಸಿದವರಲ್ಲ, ಶಾಲೆಯಲ್ಲಿ ಲೆಕ್ಕ ಕಲಿಸಿ ನಿವೃತ್ತರಾದವರು. ಈಗ ಮದುವೆ ಸುದ್ದಿ ಕಳಿಸುವ ಮೊದಲು ಅವರಿಗೊಂದು ಫೋನ್ ಮಾಡ್ತೀನಿ.