ಅರವತ್ತನಾಲ್ಕು ಮನೆ, ಒಂದು ಹಿಡಿ ರಾಗಿ

ಬೆಳ್ಳೂರಿನ ಕಡೆ ಮನೆಯಲ್ಲಿ ಚೆಸ್ ಹಲಗೆ ಇಲ್ಲದಿರಬಹುದು, ರಾಗಿ ಇಲ್ಲದಿರದು. ಮಗುವಿಗೆ ಚದುರಂಗ ಕಲಿಸಲು ಕೂತವರು ಕಾಯಿಗಳನ್ನು ಡಬ್ಬಿಯಲ್ಲೇ ಬಿಟ್ಟು, ಮೊದಲು ಒಂದು ಹಿಡಿ ರಾಗಿ ತನ್ನಿ. ಮೊದಲ ಮನೆಗೆ 1 ಕಾಳು, ಎರಡನೆಯದಕ್ಕೆ 2, ಮೂರನೆಯದಕ್ಕೆ 4, ಹೀಗೆ ದುಪ್ಪಟ್ಟು ಮಾಡುತ್ತಾ ಹೋಗಲಿ. ಈ ಆಟ ಕಂಡುಹಿಡಿದವನು ಅರಸನಲ್ಲಿ ಬೇಡಿದ ಬಹುಮಾನ ಇದೇ ಲೆಕ್ಕದ ಕಾಳು ಎನ್ನುತ್ತದೆ ಹಳೆಯ ಕಥೆ.

ಮೊದಲ ಸಾಲು ಮುಗಿದಾಗ 255 ಕಾಳು, ಒಂದು ಚಿಟಿಕೆ. ‘ಇಷ್ಟೇನಾ!’ ಎಂದು ಮಗು ನಕ್ಕರೆ ನಗಲಿ. ಒಂದು ಕಾಳು ಎರಡೂವರೆ ಮಿಲಿಗ್ರಾಂ ಎಂದಿಟ್ಟುಕೊಂಡರೆ, ಎರಡನೇ ಸಾಲಿನ ಹೊತ್ತಿಗೆ ಒಟ್ಟು ಸುಮಾರು 160 ಗ್ರಾಂ: ಅಪ್ಪನಿಗೊಂದು, ಅಮ್ಮನಿಗೊಂದು ಮುದ್ದೆ. ಮೂರನೇ ಸಾಲಿಗೆ 42 ಕಿಲೋ, ಅರ್ಧ ಮೂಟೆ. ನಾಲ್ಕನೆಯದಕ್ಕೆ 10 ಟನ್ನಿಗೂ ಮಿಕ್ಕಿ: ಬೆಳ್ಳೂರು ಕ್ರಾಸ್ ದಾಟುವ ಒಂದು ಲಾರಿಯ ಲೋಡು. ಹಲಗೆ ಇನ್ನೂ ಅರ್ಧ ಖಾಲಿ! ಐದಕ್ಕೆ 2,700 ಟನ್, ಆರಕ್ಕೆ 7 ಲಕ್ಷ, ಏಳಕ್ಕೆ 18 ಕೋಟಿ, ಎಂಟಕ್ಕೆ 4,600 ಕೋಟಿ ಟನ್. ವರ್ಷಕ್ಕೆ 10 ಲಕ್ಷ ಟನ್ ರಾಗಿ ಬೆಳೆಯುವ ನಾಡು ಈ ಸಾಲ ತೀರಿಸಲು 46,000 ವರ್ಷ ಉಳಬೇಕು.

ಈಗ ಕಾಯಿ ತೆಗೆಯಿರಿ. ಬಿಳಿಯವನ ಮೊದಲ ನಡೆಗೆ ದಾರಿ 20: ಕಾಲಾಳುಗಳದ್ದು 16, ಕುದುರೆಗಳದ್ದು 4. ಕಪ್ಪಿನವನೂ ನಡೆಸಿದರೆ 400. ಇಬ್ಬರೂ ಎರಡೆರಡು ನಡೆಸಿದರೆ 1,97,281. ಮೂರು ಮೂರು ನಡೆಸುವಷ್ಟರಲ್ಲಿ 11,90,60,324. 2011ರ ಜನಗಣತಿಯಲ್ಲಿ ಕರ್ನಾಟಕದ ಜನ 6.11 ಕೋಟಿ. ಅಷ್ಟೂ ಮಂದಿ ಒಬ್ಬೊಬ್ಬರು ಒಂದೊಂದು ದಾರಿ ಹಿಡಿದರೂ ಹೆಚ್ಚುಕಮ್ಮಿ ಅಷ್ಟೇ ದಾರಿ ಮಿಕ್ಕಿರುತ್ತವೆ. ತನ್ನ ಪುಟ್ಟ ಕೈ ಎಂಥ ಕಾಡಿಗೆ ಕಾಲುದಾರಿ ಕಡಿಯುತ್ತಿದೆ ಎಂದು ಮಗುವಿಗೆ ಆಗ ಗೊತ್ತಾಗುತ್ತದೆ.

ಸೋಲಿನ ಅಳುವಿಲ್ಲದ ಆಟ ಬೇಕೇ? ಒಂದೇ ಕುದುರೆ ಇಡಿ. ತುಳಿದ ಮನೆಯನ್ನು ಮತ್ತೆ ತುಳಿಯದೆ 64 ಮನೆಯನ್ನೂ ಸುತ್ತಬೇಕು. ಹಲಗೆಯ ನಡುವೆ ನಿಂತ ಕುದುರೆಗೆ 8 ನೆಗೆತ, ಮೂಲೆಯಲ್ಲಿ ಎರಡೇ. ಹಾಗಾಗಿ ಮುಂದೆ ದಾರಿ ಕಮ್ಮಿಯಿರುವ ಮನೆಗೇ ಮೊದಲು ನೆಗೆಯುವುದು ಜಾಣತನ. ಕೊನೆಯ ಮನೆಯಿಂದ ಒಂದೇ ನೆಗೆತಕ್ಕೆ ಹೊರಟಲ್ಲಿಗೆ ಮರಳುವ ಸುತ್ತುಗಳೇ 13 ಲಕ್ಷ ಕೋಟಿಗೂ ಹೆಚ್ಚು.

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಈ ಕುದುರೆ ಸುತ್ತಿನ ಬೆನ್ನು ಹತ್ತಿದವರು. ಹೊಸ ಸುತ್ತುಗಳನ್ನು ತಾವೇ ರಚಿಸಿದವರು. ಅವರ ‘ಶ್ರೀತತ್ತ್ವನಿಧಿ’ಯಲ್ಲಿ ಆಟಗಳಿಗೆ ಮೀಸಲಾದ ಭಾಗದ ಹೆಸರು ‘ಕೌತುಕನಿಧಿ’. ಕಲಿಸುವವರಿಗೆ ಆ ಹೆಸರೇ ಪಾಠ: ಕೌತುಕ ಮೊದಲು, ನಿಯಮ ಆಮೇಲೆ.

ಇವತ್ತು ಸಂಜೆಯೇ ಹಲಗೆ ಹಾಸಿ. ಕುದುರೆ ತುಳಿದ ಮನೆಗೆ ಒಂದೊಂದು ಕಾಳು ಇಡಲಿ ಮಗು. ಇದಕ್ಕೆ 4,600 ಕೋಟಿ ಟನ್ ಬೇಡ; 64 ಕಾಳು ಸಾಕು.