‘ಮಧ್ಯಮ ವರ್ಗ’ವೆಂದರೆ ಯಾರು?

ಸರಕಾರದ ಆಯವ್ಯಯ ಪತ್ರವು ಮಂಡಿತವಾಗುವ ದಿನ ಸಮೀಪಿಸಿತೆಂದರೆ ನಮ್ಮ ಪಟ್ಟಣಗಳಲ್ಲಿ ಎಲ್ಲಿ ಹೋದರೂ ಒಂದೇ ಮಾತು ಕೇಳಿಬರುವುದು: ಮಧ್ಯಮ ವರ್ಗದವರ ಗತಿಯೇನು? ಕಚೇರಿಯ ಗುಮಾಸ್ತನೂ ಈ ಮಾತನ್ನಾಡುವನು, ಅವನ ಮೇಲಧಿಕಾರಿಯೂ ಆಡುವನು. ಚಿಲ್ಲರೆ ಅಂಗಡಿಯವನೂ, ಅವನಿಗೆ ಸರಕು ಒದಗಿಸುವ ಸಗಟು ವರ್ತಕನೂ, ನಾಲ್ಕು ಮನೆಗಳ ಬಾಡಿಗೆಯನ್ನೆಣಿಸುವ ವಕೀಲನೂ ತಾವು ಮಧ್ಯಮ ವರ್ಗದವರೆಂದೇ ಹೇಳಿಕೊಳ್ಳುವರು. ಕೇಳಿದವರೆಲ್ಲರೂ ನಡುವೆಯೇ ನಿಂತಿರುವುದಾದರೆ ಅಂಚಿನಲ್ಲಿರುವವರು ಯಾರು? ದಿನವೂ ನಮ್ಮ ಬಾಯಲ್ಲಿ ಹೊರಳುವ ಈ ಮಾತು ಎಲ್ಲಿಂದ ಬಂದಿತು, ಇದರ ಅರ್ಥವೇನು, ಇದನ್ನು ಹೇಳಿಕೊಳ್ಳುವ ಅಧಿಕಾರ ಯಾರಿಗಿದೆ ಎಂಬುದನ್ನು ಕೊಂಚ ವಿಚಾರಿಸಿ ನೋಡುವುದು ಅನುಚಿತವಾಗಲಾರದು.

ಮೊದಲು ಪದದ ಎರಡು ಅವಯವಗಳನ್ನು ಬೇರೆಬೇರೆಯಾಗಿ ನೋಡೋಣ. ‘ಮಧ್ಯಮ’ವೆಂದರೆ ನಟ್ಟನಡುವಿನದು. ಏಳು ಸ್ವರಗಳಲ್ಲಿ ನಾಲ್ಕನೆಯದಾಗಿ, ಅತ್ತ ಮೂರು ಇತ್ತ ಮೂರು ಸ್ವರಗಳ ನಡುವೆ ನಿಂತಿರುವುದರಿಂದಲೇ ‘ಮ’ ಕಾರಕ್ಕೆ ಆ ಹೆಸರು ಒಪ್ಪುತ್ತದೆ. ‘ವರ್ಗ’ವೆಂದರೆ ಬೇರ್ಪಡಿಸಿ ಇಟ್ಟ ಗುಂಪು, ಕವರ್ಗ, ಚವರ್ಗಗಳನ್ನು ಕಲಿತ ಮಕ್ಕಳಿಗೂ ಇದು ತಿಳಿದಿರುತ್ತದೆ. ನಮ್ಮ ಅಧಿಕಾರಿಗಳಿಗಾದರೋ ವರ್ಗವೆಂದೊಡನೆ ಒಂದೂರಿನಿಂದ ಮತ್ತೊಂದೂರಿಗೆ ಗಂಟುಮೂಟೆ ಕಟ್ಟಿಸುವ ಆಜ್ಞೆಯೇ ನೆನಪಿಗೆ ಬರುವುದು.

ನಡುವಿನವನು ಯಾರೆಂಬುದು ಎಣಿಸುವವನ ಲೆಕ್ಕವನ್ನು ಅನುಸರಿಸಿದೆಯೆಂಬುದನ್ನು ನಮ್ಮ ಹಿರಿಯರು ಚೆನ್ನಾಗಿ ಬಲ್ಲವರಾಗಿದ್ದರು. ಮಧ್ಯಮ ಪಾಂಡವನೆಂದರೆ ಐವರಲ್ಲಿ ಮೂರನೆಯವನಾದ ಅರ್ಜುನನೆಂದು ನಾವು ಹೇಳುವೆವು. ಭಾಸನ ಹೆಸರಿನಲ್ಲಿರುವ ‘ಮಧ್ಯಮ ವ್ಯಾಯೋಗ’ವೆಂಬ ನಾಟಕದಲ್ಲಿ ‘ಮಧ್ಯಮ’ನೆಂದು ಕರೆದ ಕೂಗಿಗೆ ಓಗೊಟ್ಟು ಬರುವವನು ಭೀಮ, ಏಕೆಂದರೆ ಕುಂತಿಯ ಮೂವರು ಮಕ್ಕಳಲ್ಲಿ ಅವನೇ ನಡುವಿನವನು. ಎರಡು ಲೆಕ್ಕವೂ ಸರಿ. ಆದರೆ ಒಬ್ಬನಿಗೆ ನಡುವಾದ ಸ್ಥಾನ ಇನ್ನೊಬ್ಬನಿಗೆ ನಡುವಲ್ಲ. ಐತರೇಯ ಬ್ರಾಹ್ಮಣದ ಶುನಃಶೇಪನ ಕಥೆಯಲ್ಲಿ ನೂರು ಹಸುಗಳಿಗಾಗಿ ಮಗನನ್ನು ಮಾರಲು ಒಪ್ಪಿದ ಅಜೀಗರ್ತನು ಹಿರಿಯನನ್ನು ಬಿಡಲೊಲ್ಲದೆ ಹೋದನು, ತಾಯಿಯು ಕಿರಿಯನನ್ನು ಅಪ್ಪಿಕೊಂಡಳು, ಯಜ್ಞಪಶುವಾಗಿ ಹೋದವನು ನಡುವಣ ಮಗ. ಮೇಲಿನವರಿಗೂ ಕೆಳಗಿನವರಿಗೂ ದಿಕ್ಕುಂಟು, ನಡುವಿನವನಿಗೆ ಯಾರೂ ಇಲ್ಲವೆಂಬ ಇಂದಿನ ಅಳಲು ಹೊಸದೇನೂ ಅಲ್ಲವೆಂದಾಯಿತು.

ಪದಗಳೆರಡೂ ಹಳೆಯವಾದರೂ ಅವುಗಳ ಈ ಜೋಡಿ ಹೊಸದು. ಇದು ‘ಮಿಡ್ಲ್ ಕ್ಲಾಸ್’ ಎಂಬ ಇಂಗ್ಲಿಷ್ ಮಾತಿನ ಭಾಷಾಂತರ. ಮಧ್ಯಮ ದರ್ಜೆ, ಮಧ್ಯಮ ತರಗತಿ ಎಂಬ ರೂಪಗಳೂ ಬಳಕೆಯಲ್ಲಿ ಬಂದಿವೆ. ‘ಕ್ಲಾಸ್’ ಎಂಬುದರ ಬೇರು ಲ್ಯಾಟಿನ್ ಭಾಷೆಯಲ್ಲಿದೆ. ರೋಮಿನ ಅರಸನಾದ ಸರ್ವಿಯಸ್ ಟುಲ್ಲಿಯಸನು ಪ್ರಜೆಗಳನ್ನು ಆಸ್ತಿಯ ಪ್ರಮಾಣದಿಂದ ಐದು ವರ್ಗಗಳಾಗಿ ವಿಂಗಡಿಸಿದನೆಂದು ಅಲ್ಲಿನ ಐತಿಹ್ಯ. ಯಾವನು ಯುದ್ಧಕ್ಕೆ ಎಷ್ಟು ಆಯುಧ ಕವಚಗಳನ್ನು ತನ್ನ ಖರ್ಚಿನಿಂದ ತರತಕ್ಕದ್ದೆಂಬುದನ್ನು ಗೊತ್ತುಪಡಿಸುವುದು ಆ ವಿಂಗಡಣೆಯ ಒಂದು ಮುಖ್ಯ ಉದ್ದೇಶ. ಇದ್ದವನು ಹೆಚ್ಚು ಹೊರಬೇಕು, ಇಲ್ಲದವನು ಕಡಮೆ ಹೊರಬೇಕು. ವರ್ಗವೆಂಬುದು ಅಲ್ಲಿ ಹೊಣೆಯನ್ನು ಅಳೆಯುವ ಕೊಳಗವಾಗಿದ್ದಿತು ಎಂಬುದನ್ನು ವಾಚಕರು ಮನಸ್ಸಿನಲ್ಲಿಡಬೇಕಾಗಿ ಪ್ರಾರ್ಥನೆ.

ಇಂಗ್ಲೆಂಡಿನಲ್ಲಿ ಹದಿನೆಂಟನೆಯ ಶತಮಾನದಲ್ಲಿ ಈ ಮಾತು ಬಳಕೆಗೆ ಬಂದಿತು. ಒಡೆಯರಾದ ಜಮೀನುದಾರರಿಗೂ ಕೈಯಿಂದ ದುಡಿಯುವ ಕೂಲಿಕಾರರಿಗೂ ನಡುವೆ ವರ್ತಕರು, ಕಾರ್ಖಾನೆಯ ಯಜಮಾನರು, ವೈದ್ಯರು, ವಕೀಲರು ಮೊದಲಾದವರು ಬೆಳೆದು ನಿಂತಾಗ ಅವರನ್ನು ಕರೆಯಲು ಒಂದು ಹೆಸರು ಬೇಕಾಯಿತು. 1832ರ ಸುಧಾರಣಾ ಶಾಸನದಿಂದ ಪಟ್ಟಣಗಳಲ್ಲಿ ವರ್ಷಕ್ಕೆ ಹತ್ತು ಪೌಂಡ್ ಬೆಲೆಯ ಮನೆಯುಳ್ಳವರಿಗೆ ಮತದಾನದ ಹಕ್ಕು ದೊರೆಯಿತು. ಅದಕ್ಕಾಗಿ ಅವರೊಡನೆ ಬೀದಿಯಲ್ಲಿ ನಿಂತು ಕೂಗಿದ ಕೂಲಿಕಾರರಿಗೆ ದೊರೆಯಲಿಲ್ಲ. ನಡುವಿನವರು ಬಾಗಿಲು ದಾಟಿದೊಡನೆಯೇ ಬಾಗಿಲು ಮುಚ್ಚಿತು. 1845ರಲ್ಲಿ ಏಂಗೆಲ್ಸನು ಇಂಗ್ಲೆಂಡಿನ ಕಾರ್ಮಿಕರ ಸ್ಥಿತಿಯನ್ನು ಕುರಿತು ಬರೆದ ಗ್ರಂಥದ ಮುನ್ನುಡಿಯಲ್ಲಿ, ಮಧ್ಯಮ ವರ್ಗವೆಂಬ ಮಾತನ್ನು ತಾನು ಫ್ರೆಂಚರ ‘ಬೂರ್ಜ್ವಾ’ ಎಂಬ ಅರ್ಥದಲ್ಲಿ, ಅಂದರೆ ಆಸ್ತಿವಂತರೆಂಬ ಅರ್ಥದಲ್ಲಿ, ಉಪಯೋಗಿಸುತ್ತಿರುವುದಾಗಿ ತಿಳಿಸಿದನು. ನಡುವಿನವರೆಂಬ ಮಾತೂ ಉಳ್ಳವರೆಂಬ ಮಾತೂ ಅಲ್ಲಿ ಒಂದೇ ಆಗಿಹೋದುವು.

ಈ ಬೂರ್ಜ್ವಾ ಎಂಬ ಪದದ ಹುಟ್ಟು ಸ್ವಾರಸ್ಯವಾದುದು. ‘ಬೂರ್ಗ್’ ಎಂದರೆ ಕೋಟೆಯುಳ್ಳ ಪಟ್ಟಣ. ಅಲ್ಲಿ ವಾಸಿಸುವವನು ಬೂರ್ಜ್ವಾ. ಇದನ್ನು ತಿಳಿಯುವುದಕ್ಕೆ ಪ್ಯಾರಿಸಿನವರೆಗೆ ಹೋಗಬೇಕಾದುದಿಲ್ಲ. ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನಲ್ಲಿರುವ ಹುತ್ರಿದುರ್ಗವನ್ನು ಏರಿ ನಿಂತು ಕೆಳಗೆ ನೋಡಿದರೆ ಸಾಕು. ಸುಮಾರು 3,700 ಅಡಿ ಎತ್ತರದ ಆ ಬೆಟ್ಟದ ಮೇಲೆ ಶಂಕರೇಶ್ವರನ ಗುಡಿ. ಬಂಡೆಯನ್ನೇ ಬುನಾದಿಯಾಗಿ ಮಾಡಿಕೊಂಡು ಎದ್ದ ಕಲ್ಲಿನ ಗೋಡೆಗಳು, ಒಂದನ್ನು ದಾಟಿದರೆ ಇನ್ನೊಂದು ಎದುರಾಗುವ ಬಾಗಿಲುಗಳು. ಬೆಟ್ಟದ ಬುಡದಲ್ಲಿ ಸಂತೆಪೇಟೆಯೆಂಬ ಊರು. ಅದರಾಚೆಗೆ ಹೊಲ, ತೆಂಗಿನ ತೋಟ, ಕೆರೆ. ಕೆಂಪೇಗೌಡನ ಹೆಸರಿನೊಡನೆ ಕೂಡಿಬಂದಿರುವ ದುರ್ಗವಿದು. ಬೆಂಗಳೂರಿನಲ್ಲಿ ಕೋಟೆಯೊಡನೆ ಪೇಟೆಯನ್ನೂ ಕಟ್ಟಿದ ಆ ಮನೆತನದವರು ದುರ್ಗವೊಂದೇ ಇದ್ದರೆ ರಾಜ್ಯವಾಗದೆಂಬುದನ್ನು ತಿಳಿದವರಾಗಿದ್ದರು. ಮೇಲೆ ಆಳುವವನು, ಕೆಳಗೆ ಉಳುವವನು, ಇಬ್ಬರ ನಡುವೆ ಕೊಳ್ಳುವ ಮಾರುವ ಪೇಟೆ. ಮಧ್ಯಮ ವರ್ಗವೆಂಬ ಮಾತು ಹುಟ್ಟುವುದಕ್ಕೆ ಮುಂಚೆಯೇ ಅದರ ಆಕಾರವು ಇಂತಹ ಬೆಟ್ಟಗಳ ಬುಡದಲ್ಲಿ ಕಾಣುತ್ತಿದ್ದಿತು. ‘ಬೂರ್ಜ್ವಾ’ ಎಂಬುದನ್ನು ಕನ್ನಡಿಸಬೇಕಾಗಿದ್ದರೆ ‘ಪೇಟೆಯವನು’ ಎಂದರೆ ಸಾಕಾಗುತ್ತಿದ್ದಿತು.

ಆದರೆ ಮುಂದಿನ ಕಥೆ ಎರಡು ಕಡೆಗಳಲ್ಲಿಯೂ ಒಂದೇ ಆಗಲಿಲ್ಲ. ಐರೋಪ್ಯ ದೇಶಗಳಲ್ಲಿ ಪೇಟೆಯವರು ಬಲಿತು, ಕೋಟೆಯೊಡೆಯರ ಅಧಿಕಾರವನ್ನು ತಾವೇ ಮೊಟಕುಗೊಳಿಸಿದರು. ಇಲ್ಲಿ ಕೆಂಪೇಗೌಡನ ವಂಶದ ಆಳ್ವಿಕೆಯು 1728ರಲ್ಲಿ ಮೈಸೂರಿನ ಸೈನ್ಯದಿಂದ ಕೊನೆಗೊಂಡಿತು. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯವು ಸಾವನದುರ್ಗವನ್ನು ಹಿಡಿದ ಕೆಲವೇ ದಿನಗಳಲ್ಲಿ ಹುತ್ರಿದುರ್ಗವನ್ನೂ ಹಿಡಿಯಿತು. ದುರ್ಗವನ್ನು ಬೀಳಿಸಿದುದು ಪೇಟೆಯಲ್ಲ, ಹೊರಗಿನ ಫಿರಂಗಿ. ದುರ್ಗದ ಕಾಲ ಮುಗಿದ ಮೇಲೆ ಅಧಿಕಾರವು ಪೇಟೆಗೆ ಇಳಿಯಲೂ ಇಲ್ಲ. ಅದು ಕಚೇರಿಗೆ ಹೋಯಿತು. ನಮ್ಮ ಮಧ್ಯಮ ವರ್ಗವು ಹೆಚ್ಚಾಗಿ ಹುಟ್ಟಿದುದು ಆ ಕಚೇರಿಯ ಪಡಸಾಲೆಯಲ್ಲಿ.

1835ರಲ್ಲಿ ಮೆಕಾಲೆಯು ತನ್ನ ಟಿಪ್ಪಣಿಯಲ್ಲಿ, ಆಳುವವರಿಗೂ ಆಳಲ್ಪಡುವ ಕೋಟ್ಯಂತರ ಜನರಿಗೂ ನಡುವೆ ದುಭಾಷಿಗಳಾಗತಕ್ಕ ಒಂದು ವರ್ಗವನ್ನು ಇಂಗ್ಲಿಷ್ ವಿದ್ಯೆಯಿಂದ ಸಿದ್ಧಪಡಿಸಬೇಕೆಂದು ವಾದಿಸಿದನು. ಮೈಸೂರಿನಲ್ಲಿ ದಿವಾನ್ ರಂಗಾಚಾರ್ಲು ಅವರು 1881ರಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಸ್ಥಾಪಿಸಿದಾಗ ಅದಕ್ಕೆ ಬಂದವರು ಅನುಕೂಲಸ್ಥರಾದ ರೈತರೂ ವರ್ತಕರೂ. ಹತ್ತು ವರ್ಷಗಳ ಅನಂತರ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಚುನಾವಣೆಯ ಪದ್ಧತಿ ಬಂದಿತು. ಕಂದಾಯ ಕಟ್ಟುವ ಶಕ್ತಿಯೂ ವಿಶ್ವವಿದ್ಯಾಲಯದ ಪದವಿಯೂ ಮತದಾರನ ಅರ್ಹತೆಯೊಳಗೆ ಸೇರಿದುವು. ಸಿವಿಲ್ ಸರ್ವಿಸ್ ಪರೀಕ್ಷೆಯೂ ಆ ಕಾಲದಲ್ಲಿಯೇ ಮೊದಲಾಯಿತು. ಶಾಲೆ, ಪರೀಕ್ಷೆ, ಸಂಬಳ, ಪಿಂಚಣಿ ಎಂಬ ನಾಲ್ಕು ಕಂಬಗಳ ಮೇಲೆ ನಮ್ಮ ಮಧ್ಯಮ ವರ್ಗದ ಮನೆ ನಿಂತಿತು. ಆ ಮನೆಯ ಬಾಗಿಲು ಎಲ್ಲ ಜಾತಿಯವರಿಗೂ ಸಮನಾಗಿ ತೆರೆದಿರಲಿಲ್ಲವೆಂಬ ದೂರನ್ನು ವಿಚಾರಿಸುವುದಕ್ಕಾಗಿಯೇ 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಬೇಕಾಯಿತು.

ನೆರೆಯ ಭಾಷೆಗಳು ಈ ಜನರಿಗೆ ಇಟ್ಟ ಹೆಸರುಗಳನ್ನು ನೋಡಿದರೆ ವಿಷಯವು ಇನ್ನೂ ಸ್ಪಷ್ಟವಾಗುವುದು. ಬಂಗಾಳದವರು ‘ಭದ್ರಲೋಕ’ವೆಂದರು; ಹಿಂದುಸ್ತಾನಿಯವರು ಬಿಳಿ ಉಡುಪಿನವರೆಂಬ ಅರ್ಥದಲ್ಲಿ ‘ಸಫೇದ್‌ಪೋಶ್’ ಎಂದರು; ಮರಾಠಿಗರು ‘ಪಾಂಢರಪೇಶೆ’ಯೆಂದರು, ಅದರಲ್ಲಿಯೂ ಬಿಳಿಯ ಬಣ್ಣವೇ ಇದೆ. ಮರಾಠಿಯಲ್ಲಿ ಜನವಸತಿಯ ನೆಲವನ್ನು ಪಾಂಢರಿಯೆಂದೂ ಉಳುವ ಕಪ್ಪು ನೆಲವನ್ನು ಕಾಳಿಯೆಂದೂ ಕರೆಯುವ ವಾಡಿಕೆಯುಂಟು. ಈ ಹೆಸರುಗಳಲ್ಲಿ ಯಾವುದೂ ‘ನಡುವೆ’ ಎಂದು ಹೇಳುವುದಿಲ್ಲ. ಮಣ್ಣು ಮುಟ್ಟದವರೆಂದೋ ಮರ್ಯಾದಸ್ಥರೆಂದೋ ಹೇಳುತ್ತವೆ. ಬೇಸಾಯವು ಉತ್ತಮ, ವ್ಯಾಪಾರವು ಮಧ್ಯಮ, ಚಾಕರಿಯು ಅಧಮವೆಂದು ಉತ್ತರ ದೇಶದ ರೈತರ ಹಳೆಯ ಗಾದೆಯೊಂದಿದೆ. ಆ ಲೆಕ್ಕದಿಂದ ನಮ್ಮ ಸಂಬಳದಾರರು ಮಧ್ಯಮರೂ ಅಲ್ಲ! ಚಾಕರಿಯು ಮೇಲೇರಿ ಬೇಸಾಯವು ಕೆಳಗಿಳಿದ ಮೇಲೂ, ಏರಿದವರು ತಮ್ಮನ್ನು ನಡುವಿನವರೆಂದು ಕರೆದುಕೊಂಡುದು ಈ ಮಾತಿನ ಚಮತ್ಕಾರ.

ಇಂದಿನ ಅಂಕಿಗಳನ್ನು ನೋಡೋಣ. 2024ರ ಜುಲೈ 31ರ ಗಡುವಿನೊಳಗೆ ಸಲ್ಲಿಕೆಯಾದ ವರಮಾನ ತೆರಿಗೆಯ ಲೆಕ್ಕಪತ್ರಗಳು ಸುಮಾರು 7.28 ಕೋಟಿ. ದೇಶದ ಜನಸಂಖ್ಯೆ 140 ಕೋಟಿಗೂ ಮಿಗಿಲು. ಮನೆಯವರನ್ನೂ ಸೇರಿಸಿ ಎಣಿಸಿದರೂ ಲೆಕ್ಕಪತ್ರ ಸಲ್ಲಿಸುವವನು ಜನಸಮುದಾಯದ ನಡುವೆ ನಿಂತವನಲ್ಲ, ಮೇಲಿನ ಮೆಟ್ಟಿಲಿನಲ್ಲಿ ನಿಂತವನು. 2025ರ ಆಯವ್ಯಯದಲ್ಲಿ ಹೊಸ ಪದ್ಧತಿಯನ್ನು ಆರಿಸಿಕೊಂಡವರಿಗೆ ವರ್ಷಕ್ಕೆ 12 ಲಕ್ಷ ರೂಪಾಯಿಗಳವರೆಗೆ ತೆರಿಗೆಯಿಲ್ಲವೆಂದು ಸಾರಿದುದು ಮಧ್ಯಮ ವರ್ಗದ ಹೆಸರಿನಲ್ಲಿಯೇ. ಇನ್ನೊಂದು ಕಡೆ, ಹಿಂದುಳಿದ ವರ್ಗಗಳಲ್ಲಿ ವರಮಾನವು 8 ಲಕ್ಷವನ್ನು ಮೀರಿದವರನ್ನು ಕೇಂದ್ರ ಸರಕಾರವು 2017ರಿಂದ ‘ಕೆನೆಪದರ’ವೆಂದು ಎಣಿಸುತ್ತಿದೆ, 2019ರ ಸಂವಿಧಾನ ತಿದ್ದುಪಡಿಯ ಅನಂತರ ಉಳಿದವರಲ್ಲಿ ಅದೇ 8 ಲಕ್ಷಕ್ಕಿಂತ ಕಡಮೆಯಾದವರನ್ನು ‘ಆರ್ಥಿಕವಾಗಿ ದುರ್ಬಲ’ರೆಂದು ಎಣಿಸುತ್ತಿದೆ. ಲೆಕ್ಕ ಹಾಕುವ ಕ್ರಮದಲ್ಲಿ ಭೇದಗಳಿರುವುದು ನಿಜ. ಆದರೂ ಗೆರೆಯ ಈ ಬದಿಗೆ ದುರ್ಬಲ, ಆ ಬದಿಗೆ ಕೆನೆಯಾದರೆ, ನಡುವಿಗೆ ಎಲ್ಲಿಯ ಸ್ಥಳ?

ನಿಜವಾಗಿ ಎಣಿಸಿ ನಡುವಿನವನನ್ನು ಹುಡುಕುವುದಾದರೆ ಅವನು ಸಂತೆಪೇಟೆಯಂತಹ ಊರುಗಳಲ್ಲಿ ಸಿಕ್ಕಾನು. ಅವನಿಗೆ ಎರಡು ಎಕರೆ ರಾಗಿಯ ಹೊಲ, ಹತ್ತಿಪ್ಪತ್ತು ತೆಂಗಿನ ಮರ, ಸಹಕಾರ ಸಂಘಕ್ಕೆ ಹಾಲು ಹಾಕುವ ಒಂದು ಹಸು. ಮಗನೊಬ್ಬ ಬೆಂಗಳೂರಿನ ಯಾವುದೋ ಗೋದಾಮಿನಲ್ಲಿ ದುಡಿದು ಹಣ ಕಳುಹಿಸುತ್ತಾನೆ. ಮಳೆ ತಪ್ಪಿದ ವರ್ಷ ಅವನು ಕೆಳಗೆ ಜಾರುವನು, ಕೊಬ್ಬರಿಗೆ ಬೆಲೆ ಬಂದ ವರ್ಷ ಒಂದು ಮೆಟ್ಟಿಲು ಏರುವನು. ಅವನನ್ನು ಯಾರೂ ಮಧ್ಯಮ ವರ್ಗದವನೆಂದು ಕರೆಯರು, ಅವನೂ ಹೇಳಿಕೊಳ್ಳುವುದಿಲ್ಲ. ಅವನಿಗೆ ಸಲ್ಲಬೇಕಾದ ಹೆಸರನ್ನು ನಾವು ಹೊತ್ತುಕೊಂಡಿದ್ದೇವೆ. ಹೆಸರಿನೊಡನೆ ಅನುಕಂಪವೂ ನಮ್ಮ ಪಾಲಿಗೇ ಬರುತ್ತದೆ.

ಪಟ್ಟಣದ ಸಂಬಳದಾರನ ಕಷ್ಟವು ಸುಳ್ಳೆಂದು ನಾವು ಹೇಳುತ್ತಿಲ್ಲ. ಮನೆಯ ಬಾಡಿಗೆ, ಮಕ್ಕಳ ಶಾಲೆಯ ಶುಲ್ಕ, ಆಸ್ಪತ್ರೆಯ ವೆಚ್ಚ ಇವುಗಳ ನಡುವೆ ಅವನು ಅಡಕತ್ತರಿಯಲ್ಲಿ ಸಿಕ್ಕ ಅಡಕೆಯಾಗಿರುವುದನ್ನು ದಿನವೂ ಕಾಣುತ್ತಿದ್ದೇವೆ. ಆದರೆ ತನ್ನ ಕಷ್ಟವನ್ನು ಹೇಳಿಕೊಳ್ಳುವುದು ಬೇರೆ, ತನಗಿಂತ ಕೆಳಗಿನವನಿಗೆ ದೊರೆಯುವ ಪಡಿತರದ ಅಕ್ಕಿಯನ್ನೇ ತನ್ನ ಕಷ್ಟಕ್ಕೆ ಕಾರಣವೆಂದು ಎಣಿಸುವುದು ಬೇರೆ. ಮಧ್ಯಮ ವರ್ಗವೆಂಬ ಮಾತು ಈಚೀಚೆಗೆ ಈ ಎರಡನೆಯ ಕೆಲಸಕ್ಕೆ ಹೆಚ್ಚಾಗಿ ಒದಗುತ್ತಿರುವುದು ವಿಷಾದಕರವು.

ಇದೇ ವರ್ಗವು ಬೇರೆ ರೀತಿಯಿಂದ ನಡೆದುಕೊಂಡ ಕಾಲವೂ ಉಂಟು. 1938ರ ಏಪ್ರಿಲಿನಲ್ಲಿ, ಕುಣಿಗಲ್ ಸೀಮೆಗೆ ನೆರೆಯಾದ ಮದ್ದೂರಿನ ಶಿವಪುರದಲ್ಲಿ, ನಿಷೇಧಾಜ್ಞೆಯನ್ನು ಲೆಕ್ಕಿಸದೆ ರಾಷ್ಟ್ರಧ್ವಜವನ್ನೇರಿಸಿದ ಟಿ. ಸಿದ್ದಲಿಂಗಯ್ಯನವರು ವಕೀಲರಾಗಿದ್ದವರು. ಅವರ ಸುತ್ತಲೂ ನೆರೆದಿದ್ದವರಲ್ಲಿ ಬಹುಮಂದಿ ಹಳ್ಳಿಗರು. ಅದೇ ತಿಂಗಳು ವಿದುರಾಶ್ವತ್ಥದಲ್ಲಿ ಗುಂಡಿಗೆ ಎದೆಯೊಡ್ಡಿದವರೂ ಹಳ್ಳಿಗರೇ. ಓದಿದವರೂ ಉಳುವವರೂ ಒಂದೇ ಧ್ವಜದ ಕೆಳಗೆ ನಿಂತುದರಿಂದಲೇ 1947ರ ಅಕ್ಟೋಬರಿನಲ್ಲಿ ಮೈಸೂರಿಗೆ ಜವಾಬ್ದಾರಿ ಸರಕಾರವು ಲಭಿಸಿತು. ಆ ಓದಿದವರು ಇಂಗ್ಲೆಂಡಿನ 1832ರ ಪಟ್ಟಣಿಗರಂತೆ ತಾವು ದಾಟಿದೊಡನೆ ಬಾಗಿಲಿಕ್ಕಿಕೊಳ್ಳಲಿಲ್ಲ. ಸ್ವತಂತ್ರ ಭಾರತದ ಸಂವಿಧಾನವು ಕಂದಾಯವನ್ನೂ ಪದವಿಯನ್ನೂ ಕೇಳದೆ ವಯಸ್ಕರೆಲ್ಲರಿಗೂ ಮತವನ್ನು ಕೊಟ್ಟಿತು.

ಸಂಸ್ಕೃತದ ‘ಮಧ್ಯಮ’ಕ್ಕೆ ನಮ್ಮ ಕನ್ನಡದಲ್ಲಿ ‘ನಡು’ ಎಂಬ ಮಾತಿದೆ. ಅದಕ್ಕೆ ಸೊಂಟವೆಂಬ ಅರ್ಥವೂ ಉಂಟು. ಹೊರೆ ಹೊತ್ತಾಗ ಮೊದಲು ನೋಯುವುದು ನಡು. ಕೆಲಸಕ್ಕೆ ನಿಲ್ಲುವವನು ಮೊದಲು ಕಟ್ಟಿಕೊಳ್ಳುವುದೂ ನಡುವನ್ನೇ. ನಡುವಿನವರೆಂದು ಹೇಳಿಕೊಳ್ಳುವವರು ಈ ಅರ್ಥವನ್ನೂ ಒಪ್ಪಿಕೊಳ್ಳಬೇಕಾದುದು ನ್ಯಾಯ. ರೋಮಿನ ಪ್ರಜೆಯನ್ನು ಯಾವ ವರ್ಗದವನೆಂದು ಕೇಳಿದುದು ಅವನು ಏನನ್ನು ತರಬಲ್ಲನೆಂದು ತಿಳಿಯುವುದಕ್ಕಾಗಿ. ಮುಂದಿನ ಆಯವ್ಯಯದ ದಿನ ನಮ್ಮ ಗತಿಯೇನೆಂದು ಕೇಳುವ ಮೊದಲು, ನಮಗಿಂತ ಮೇಲಿನವರನ್ನು ಎಣಿಸುವಂತೆಯೇ ಕೆಳಗಿನವರನ್ನೂ ಒಮ್ಮೆ ಎಣಿಸಿ, ನಮ್ಮ ಪಾಲಿನ ಹೊರೆಯೆಷ್ಟೆಂದು ನಾವೇ ಕೇಳಿಕೊಳ್ಳೋಣ.